ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನನ್ನ ಮುಂದೆ ಒಂದು ಎಸ್ಟಿಮೇಟ್ ಚೀಟಿ ಇದೆ. ಎ4 ಹಾಳೆ, ಮೇಲೆ ಲೋಗೋ, ಕೆಳಗೆ ನನ್ನ ಸಹಿಗೆ ಜಾಗ. ನಡುವೆ ಹದಿನಾಲ್ಕು ಸಾಲು. ಇಂಜೆಕ್ಟರ್ ಮೂರು, ಇಗ್ನಿಷನ್ ಕಾಯಿಲ್ ಮೂರು, ಆಕ್ಸಿಜನ್ ಸೆನ್ಸರ್ ಒಂದು, ಥ್ರಾಟಲ್ ಬಾಡಿ ಕ್ಲೀನಿಂಗ್, ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಯಾವುದೋ ಬಾಟಲಿ, ಲೇಬರ್, ಜಿಎಸ್‌ಟಿ ಇತ್ಯಾದಿ. ಒಟ್ಟು 61,380 ರೂಪಾಯಿ. 'ಕಾರಣ' ಅನ್ನೋ ಕಾಲಂನಲ್ಲಿ ಮಾತ್ರ ಒಂದೇ ಪದ: ಪಿ0302.

ಸಿನಿಮಾ ವಿಮರ್ಶೆ ಬರೆಯೋರಿದ್ದಾರೆ, ಪುಸ್ತಕ ವಿಮರ್ಶೆ ಬರೆಯೋರಿದ್ದಾರೆ, ಇಂದಿರಾನಗರದಲ್ಲಿ ಹೊಸ ಕೆಫೆ ತೆಗೆದರೆ ಮರುದಿನವೇ ಅದರ ಫಿಲ್ಟರ್ ಕಾಫಿಗೆ ಅಂಕ ಕೊಡೋರಿದ್ದಾರೆ. ಈ ಚೀಟಿಯನ್ನು ಮಾತ್ರ ಯಾರೂ ವಿಮರ್ಶೆ ಮಾಡಲ್ಲ. ನಾವು ತಿಂಗಳ ಸಂಬಳದ ದೊಡ್ಡ ಪಾಲನ್ನು ಇದರ ಮೇಲೆ ಸುರೀತೀವಿ, ಆದರೆ ಓದೋದು ಕೊನೇ ಸಾಲನ್ನಷ್ಟೇ. ಹಾಗಾಗಿ ಈ ಸಲ ಇದನ್ನೇ ಒಂದು ಕೃತಿ ಅಂದುಕೊಂಡು ಓದೋಣ. ಕೃತಿಕಾರರ ಹೆಸರು ಹೇಳಲ್ಲ. ಇದೇ ಕೃತಿ ಬೇರೆ ಬೇರೆ ಲೋಗೋ ಕೆಳಗೆ ನಿಮ್ಮ ಮನೇಲೂ ಇರಬಹುದು.

ಮೊದಲು ಕತೆ. ಕಾರು ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೋ ಪೆಟ್ರೋಲ್. ಓಡಿದ್ದು 58 ಸಾವಿರ ಕಿಲೋಮೀಟರ್. ಪುತ್ತೂರಿನಲ್ಲಿ ಮದುವೆ ಮುಗಿಸಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ವಾಪಸ್ ಬರ್ತಿದ್ದೆ. ಜುಲೈ, ಸುರಿಯುವ ಮಳೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮುಂದೊಂದು ಗ್ಯಾಸ್ ಟ್ಯಾಂಕರ್. ತಿರುವು ಮುಗಿದು ನೇರ ರಸ್ತೆ ಕಂಡಿತು, ಎದುರಿನಿಂದ ಯಾರೂ ಇಲ್ಲ. ಮೂರನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಟ್ಯಾಂಕರಿನ ಅರ್ಧಕ್ಕೆ ಬಂದಾಗ ಕಾರು ಕೆಮ್ಮಿತು. ಕೆಮ್ಮಿತು ಅನ್ನೋದೇ ಸರಿಯಾದ ಪದ. ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಜಗ್ಗಿ ಬಿಟ್ಟು ಜಗ್ಗಿ ಬಿಟ್ಟು ಮಾಡಿದ ಹಾಗೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಮಿಣುಕ್ ಮಿಣುಕ್ ಅನ್ನತೊಡಗಿತು. ಎದುರಿನ ತಿರುವಿನಲ್ಲಿ ಬಸ್ಸಿನ ಹೆಡ್‌ಲೈಟ್ ಕಾಣಿಸಿತು. ನಾನು ಬ್ರೇಕ್ ಒತ್ತಿ ಮತ್ತೆ ಟ್ಯಾಂಕರಿನ ಹಿಂದೆ ಬಂದು ಸೇರಿಕೊಂಡೆ. ಹಿಂದಿನ ಸೀಟಿನಲ್ಲಿ ಅಮ್ಮ ಏನೂ ಮಾತಾಡಲಿಲ್ಲ. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ, "ಇನ್ನು ನಿಧಾನಕ್ಕೇ ಹೋಗೋ" ಅಂದರು, ಅಷ್ಟೇ. ಕಾಲು ಹಗುರವಾಗಿಟ್ಟು ಓಡಿಸಿದರೆ ಕಾರಿಗೆ ಏನೂ ಆಗಿಲ್ಲವೇನೋ ಅನ್ನುವಂತೆ ಬೆಂಗಳೂರಿನವರೆಗೂ ಬಂತು.

ಈ ಕೊನೇ ವಾಕ್ಯವನ್ನು ನೆನಪಿಟ್ಟುಕೊಳ್ಳಿ. ಇಡೀ ರೋಗದ ಕೀಲಿ ಅದರಲ್ಲೇ ಇದೆ. ಸರ್ವಿಸ್ ಸೆಂಟರಿನಲ್ಲಿ ನಾನು ಅದನ್ನು ಎರಡು ಸಲ ಹೇಳಿದೆ, ಎರಡು ಸಲವೂ ಅದು ಜಾಬ್ ಕಾರ್ಡಿಗೆ ಇಳಿಯಲಿಲ್ಲ. ಅಲ್ಲಿ ಬರೆದದ್ದು 'ಪಿಕಪ್ ಕಂಪ್ಲೇಂಟ್' ಅಂತ.

ನಮ್ಮ ಕಡೆ ಮೆಕ್ಯಾನಿಕ್‌ಗಳು ಇದಕ್ಕೆ 'ಮಿಸ್ಸಿಂಗ್' ಅಂತಾರೆ. "ಮಿಸ್ ಹೊಡೀತಿದೆ ಸರ್." ಒಳ್ಳೇ ಪದ. ಸಿಲಿಂಡರಿನೊಳಗೆ ಗಾಳಿ ಬಂತು, ಪೆಟ್ರೋಲ್ ಬಂತು, ಎರಡೂ ಅಡಕಗೊಂಡವು, ಆದರೆ ಆ ಕ್ಷಣಕ್ಕೆ ಬೆಂಕಿ ಹತ್ತಲಿಲ್ಲ. ಒಂದು ಸರದಿ ತಪ್ಪಿತು. ಮೂರು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ 240 ಡಿಗ್ರಿ ತಿರುಗಿದಾಗಲೆಲ್ಲ ಒಂದು ಸಿಲಿಂಡರ್ ಉರಿಯಬೇಕು, ಉರಿದಾಗ ಕ್ರ್ಯಾಂಕಿಗೆ ಒಂದು ತಳ್ಳು ಸಿಗುತ್ತೆ. ಒಂದು ತಳ್ಳು ತಪ್ಪಿದರೆ ಕ್ರ್ಯಾಂಕ್ ಆ ಚೂರು ಹೊತ್ತು ನಿಧಾನವಾಗುತ್ತೆ. ಕಾರಿನ ಕಂಪ್ಯೂಟರ್ ಗಮನಿಸೋದು ಈ ನಿಧಾನವನ್ನೇ. ಅದು ಸಿಲಿಂಡರಿನೊಳಗೆ ಇಣುಕಿ ನೋಡಿಲ್ಲ, ಕಿಡಿಯನ್ನು ನೋಡಿಲ್ಲ, ಪೆಟ್ರೋಲನ್ನು ಮೂಸಿಲ್ಲ. ಎರಡನೇ ಸಿಲಿಂಡರಿನ ಸರದಿ ಬಂದಾಗ ಚಕ್ರ ನಿರೀಕ್ಷೆಯಷ್ಟು ವೇಗ ಪಡೆಯಲಿಲ್ಲ ಅಂತ ಲೆಕ್ಕ ಹಾಕಿದೆ, ಬರೆದಿಟ್ಟಿದೆ. ಪಿ0302 ಅಂದರೆ ಇಷ್ಟೇ. ಕೊನೆಯ 2 ಸಿಲಿಂಡರಿನ ನಂಬರ್.

(ನಡುವೆ ಒಂದು ಸ್ವಾರಸ್ಯ. ಗುಂಡಿ ರಸ್ತೆಯಲ್ಲಿ ಚಕ್ರ ಕುಪ್ಪಳಿಸಿದಾಗಲೂ ಕ್ರ್ಯಾಂಕಿನ ವೇಗ ಹೀಗೇ ಏರುಪೇರಾಗುತ್ತೆ. ಆದ್ದರಿಂದ ಎಷ್ಟೋ ಕಾರುಗಳಲ್ಲಿ ರಸ್ತೆ ಕೆಟ್ಟದಾಗಿದೆ ಅನ್ನಿಸಿದರೆ ಕಂಪ್ಯೂಟರ್ ಮಿಸ್ಸಿಂಗ್ ಎಣಿಸುವುದನ್ನೇ ಸ್ವಲ್ಪ ಹೊತ್ತು ನಿಲ್ಲಿಸಿಬಿಡುತ್ತೆ. ನಮ್ಮ ಏರಿಯಾದಲ್ಲಿ ಅದಕ್ಕೆ ಕೆಲಸ ಸಿಗೋದು ಎಷ್ಟು ಹೊತ್ತೋ ದೇವರೇ ಬಲ್ಲ.)

ಈ ಕೋಡುಗಳು ಹುಟ್ಟಿದ್ದು ರಿಪೇರಿಗಾಗಿ ಅಲ್ಲ ಅನ್ನೋದನ್ನೂ ಹೇಳಬೇಕು. ಅಮೆರಿಕದಲ್ಲಿ 1996ರ ಮಾಡೆಲಿನಿಂದ ಎಲ್ಲ ಕಾರುಗಳಿಗೂ ಒಬಿಡಿ-2 ಕಡ್ಡಾಯವಾಯ್ತು, ಅದರ ಹಿಂದೆ ಇದ್ದದ್ದು ಕ್ಯಾಲಿಫೋರ್ನಿಯಾದ ವಾಯುಮಾಲಿನ್ಯದ ಕಾನೂನು. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋದರೆ ಹೊಗೆ ಕೆಡುತ್ತೆ, ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿದರೆ ಅದರ ಜೇನುಗೂಡಿನಂಥ ಸೆರಾಮಿಕ್ ಕರಗಿಹೋಗುತ್ತೆ. ಸುಮ್ಮನೆ ಉರಿಯುವ ಹಳದಿ ದೀಪಕ್ಕೂ ಮಿಣುಕುವ ಹಳದಿ ದೀಪಕ್ಕೂ ವ್ಯತ್ಯಾಸ ಇರೋದು ಇದಕ್ಕೇ. ಸುಮ್ಮನೆ ಉರಿದರೆ 'ತೋರಿಸಿಕೋ' ಅಂತ, ಮಿಣುಕಿದರೆ 'ಈಗಲೇ ಕಾಲು ತೆಗಿ, ಕನ್ವರ್ಟರ್ ಸುಡ್ತಿದೆ' ಅಂತ. ಗಾಳಿಯನ್ನು ಕಾಪಾಡೋಕೆ ಬರೆದ ದೂರಿನ ಅರ್ಜಿಯನ್ನು ನಾವು ರೋಗದ ಹೆಸರು ಅಂತ ಓದ್ತಿದ್ದೀವಿ. 'ಹೊಟ್ಟೆನೋವು' ಅಂತ ಚೀಟಿ ತಂದವನಿಗೆ ಹೊಟ್ಟೆಯನ್ನೇ ಬದಲಾಯಿಸಿ ಅಂದ ಹಾಗೆ.

ಈಗ ಚೀಟಿಗೆ ಬರೋಣ. ಹದಿನಾಲ್ಕು ಸಾಲಿನ ಹಿಂದೆ ಒಂದು ತರ್ಕ ಇರಲೇಬೇಕಲ್ಲ? ಇತ್ತು. ಸರ್ವಿಸ್ ಅಡ್ವೈಸರ್ ಒಳ್ಳೇ ಹುಡುಗ, ನನ್ನ ವಯಸ್ಸೇ ಇರಬೇಕು, ತಾಳ್ಮೆಯಿಂದ ಟ್ಯಾಬ್ ತೋರಿಸಿ ವಿವರಿಸಿದ. "ನೋಡಿ ಸರ್, ಮಿಕ್ಸ್‌ಚರ್ ಲೀನ್ ತೋರಿಸ್ತಿದೆ, ಪೆಟ್ರೋಲ್ ಸಾಲ್ತಿಲ್ಲ. ಎರಡನೇ ಸಿಲಿಂಡರಿನ ಇಂಜೆಕ್ಟರ್ ನಡುನಡುವೆ ಆಫ್ ಆಗ್ತಿದೆ. ಸೋ ಇಂಜೆಕ್ಟರ್ ಬ್ಲಾಕ್. ಮೂರೂ ಒಟ್ಟಿಗೆ ಹಾಕಿಸಿದ್ರೆ ಬೆಟರ್." ಕೇಳೋಕೆ ಎಷ್ಟು ಸರಿಯಾಗಿದೆ ಅಲ್ವಾ? ಎರಡು ಸಾಕ್ಷಿ, ಒಂದು ತೀರ್ಮಾನ. ನಾನೂ ತಲೆ ಆಡಿಸಿದೆ.

ಆದರೆ ಎರಡೂ ಸಾಕ್ಷಿಗಳು ಉಲ್ಟಾ. ಎಕ್ಸಾಸ್ಟಿನಲ್ಲಿರುವ ಆಕ್ಸಿಜನ್ ಸೆನ್ಸರ್ ಅಳೆಯೋದು ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಒಂದು ಸಿಲಿಂಡರಿನಲ್ಲಿ ಬೆಂಕಿ ಹತ್ತದಿದ್ದರೆ ಅದರ ಪೆಟ್ರೋಲೂ ಉರಿಯದೆ ಹೊರಗೆ ಹೋಗುತ್ತೆ, ಆಮ್ಲಜನಕವೂ ಬಳಕೆಯಾಗದೆ ಹೊರಗೆ ಹೋಗುತ್ತೆ. ಸೆನ್ಸರಿಗೆ ಕಾಣೋದು ಎರಡನೆಯದು. 'ಅಯ್ಯೋ ಎಷ್ಟೊಂದು ಆಮ್ಲಜನಕ, ಪೆಟ್ರೋಲ್ ಕಡಿಮೆಯಾಗಿದೆ' ಅಂತ ಅದು ವರದಿ ಮಾಡುತ್ತೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತೆ. ಅಂದರೆ 'ಲೀನ್' ಅನ್ನೋದು ಮಿಸ್ಸಿಂಗಿನ ಕಾರಣವೂ ಆಗಿರಬಹುದು, ಅದರ ಫಲವೂ ಆಗಿರಬಹುದು. ಯಾವುದು ಅಂತ ಆ ನಂಬರ್ ಒಂದೇ ಹೇಳಲ್ಲ.

ಇಂಜೆಕ್ಟರ್ ಆಫ್ ಆಗೋದು ಇನ್ನೂ ಮಜಾ. ಎರಡನೇ ಸಿಲಿಂಡರ್ ಪದೇ ಪದೇ ಉರಿಯದಿದ್ದರೆ ಕನ್ವರ್ಟರ್ ಕರಗದಿರಲಿ ಅಂತ ಎಷ್ಟೋ ಕಾರುಗಳ ಕಂಪ್ಯೂಟರ್ ತಾನೇ ಆ ಸಿಲಿಂಡರಿನ ಇಂಜೆಕ್ಟರನ್ನು ಬಂದ್ ಮಾಡುತ್ತೆ. ನಮ್ಮ ಹುಡುಗ ನೋಡಿದ್ದು ಇದನ್ನೇ. ಮನೆಗೆ ಬೆಂಕಿ ಬಿದ್ದಾಗ ಲೈನ್‌ಮನ್ ಬಂದು ಫ್ಯೂಸ್ ಕಿತ್ತ, ನೀವು 'ಫ್ಯೂಸ್ ಇಲ್ಲದ್ದರಿಂದಲೇ ಬೆಂಕಿ ಬಿತ್ತು' ಅಂದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋ ಗಾದೆಯಲ್ಲಾದರೂ ಎಮ್ಮೆ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಇಲ್ಲಿ ಎತ್ತಿಗೆ ಔಷಧಿ ಕೊಡೋಕೆ ಹೋದ ಎಮ್ಮೆಗೇ ಬರೆ, ಅದೂ ಮೂರು ಮೂರು.

ಮತ್ತೆ ಮೊದಲ ಭೇಟಿಯ ಕತೆ ನಿಮಗೆ ಹೇಳಲಿಲ್ಲ. ಈ ಚೀಟಿ ಎರಡನೇ ಭೇಟಿಯದ್ದು. ಘಾಟಿಯಿಂದ ಬಂದ ಮರುದಿನವೇ ಕಾರು ಬಿಟ್ಟಿದ್ದೆ. ಅವತ್ತು ಅವರು ಸ್ಕ್ಯಾನರ್ ಚುಚ್ಚಿದರು, ಕೋಡ್ ಓದಿದರು, ಅಳಿಸಿದರು. ಹೊಸ ಪ್ಲಗ್ ಮೂರು ಹಾಕಿದರು. ಎಂಜಿನ್ ಐಡ್ಲಿಂಗ್‌ನಲ್ಲಿ ಹತ್ತು ನಿಮಿಷ ಬಿಟ್ಟರು, ಹೊರಗಿನ ಟ್ರಾಫಿಕ್‌ನಲ್ಲಿ ಎರಡು ಕಿಲೋಮೀಟರ್ ಓಡಿಸಿದರು, 'ಟ್ರಯಲ್ ಓಕೆ' ಅಂತ ಬರೆದರು, 5,200 ರೂಪಾಯಿ ತೊಗೊಂಡರು. ವಾರದೊಳಗೆ ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ರಸ್ತೆಯ ರ್‍ಯಾಂಪ್ ಹತ್ತುವಾಗ ಮತ್ತೆ ಕೆಮ್ಮು, ಮತ್ತೆ ಮಿಣುಕು.

ನಾನು ಸಾಫ್ಟ್‌ವೇರ್‌ನವನು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಯಾರಾದರೂ ಲಾಗ್ ಅಳಿಸಿ ರೀಸ್ಟಾರ್ಟ್ ಮಾಡಿ 'ಈಗ ಸರಿ ಇದೆ' ಅಂದರೆ ನಮ್ಮ ಟೀಮಿನಲ್ಲಿ ಅವನ ಗತಿ ಏನಾಗುತ್ತೆ ಅಂತ ನನಗೆ ಗೊತ್ತು. ಕೋಡ್ ದಾಖಲಾದ ಕ್ಷಣಕ್ಕೆ ಕಾರಿನ ಕಂಪ್ಯೂಟರ್ ಒಂದು ಫೋಟೋ ತೆಗೆದ ಹಾಗೆ ಎಲ್ಲವನ್ನೂ ಹಿಡಿದಿಡುತ್ತೆ. ಎಂಜಿನ್ ಎಷ್ಟು ಸುತ್ತಿನಲ್ಲಿತ್ತು, ಲೋಡ್ ಎಷ್ಟಿತ್ತು, ಕೂಲೆಂಟ್ ಎಷ್ಟು ಬಿಸಿ, ವೇಗ ಎಷ್ಟು, ಎಲ್ಲ. ಫ್ರೀಜ್ ಫ್ರೇಮ್ ಅಂತಾರೆ ಅದಕ್ಕೆ. ಕೋಡ್ ಅಳಿಸಿದರೆ ಅದೂ ಹೋಯ್ತು. ನನ್ನ ಕಾರಿನಲ್ಲಿದ್ದ ಅತ್ಯಂತ ಬೆಲೆಬಾಳುವ ಸಾಕ್ಷಿಯನ್ನು ಮೊದಲ ಐದು ನಿಮಿಷದಲ್ಲೇ ಒರೆಸಿ ಹಾಕಿದ್ದರು. ಇದ್ದಿದ್ದರೆ ಅದು ಏನು ಹೇಳ್ತಿತ್ತು? ಶಿರಾಡಿಯಲ್ಲಿ ಅಮ್ಮ ಸುಮ್ಮನಾದ ಕ್ಷಣವನ್ನೇ ಹೇಳ್ತಿತ್ತು: ಬಿಸಿ ಎಂಜಿನ್, ಎರಡೂವರೆ ಸಾವಿರ ಸುತ್ತು, ಪೂರ್ತಿ ಲೋಡ್.

ಮತ್ತೆ ಐಡ್ಲಿಂಗ್‌ನಲ್ಲಿ ಪರೀಕ್ಷೆ. ಟರ್ಬೋ ಕಾರಿನ ಮಿಸ್ಸಿಂಗನ್ನು ಐಡ್ಲಿಂಗ್‌ನಲ್ಲಿ ಹುಡುಕೋದು ಅಂದರೆ ಮದುವೆ ಮನೇಲಿ ಕಳೆದ ಚಪ್ಪಲಿಯನ್ನು ಸ್ವಂತ ಮನೇಲಿ ಹುಡುಕಿದ ಹಾಗೆ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಯಾವ ಸರ್ವಿಸ್ ಸೆಂಟರಿನಲ್ಲೂ ಇದನ್ನು ನನಗೆ ಹೇಳಲಿಲ್ಲ.

ಪ್ಲಗ್ಗಿನ ತುದಿಯಲ್ಲಿ ಎರಡು ಲೋಹದ ಚೂರುಗಳ ನಡುವೆ ಮುಕ್ಕಾಲು ಮಿಲಿಮೀಟರ್ ಆಸುಪಾಸಿನ ಒಂದು ಸಂದು. ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಆ ಸಂದನ್ನು ಜಿಗಿಸುತ್ತೆ, ಅದೇ ಕಿಡಿ. ಜಿಗಿಯೋಕೆ ಎಷ್ಟು ವೋಲ್ಟ್ ಬೇಕು ಅನ್ನೋದು ಸಂದು ಎಷ್ಟು ಅಗಲ, ಅಲ್ಲಿ ಗಾಳಿ ಎಷ್ಟು ಒತ್ತಾಗಿದೆ ಅನ್ನೋದರ ಮೇಲೆ ಹೋಗುತ್ತೆ. ಜರ್ಮನಿಯ ಫ್ರೀಡ್ರಿಚ್ ಪಾಶೆನ್ ಇದನ್ನು 1889ರಲ್ಲೇ ಅಳೆದು ಹೇಳಿದ್ದ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತೆ, ಎಂಜಿನ್‌ಗೆ ಸಿಗೋ ಗಾಳಿಯ ಒತ್ತಡ ಹೊರಗಿನ ವಾತಾವರಣದ ಮೂರನೇ ಒಂದು ಭಾಗದಷ್ಟಿರುತ್ತೆ. ಘಾಟಿಯಲ್ಲಿ ಪೂರ್ತಿ ಒತ್ತಿದಾಗ ಟರ್ಬೋ ವಾತಾವರಣದ ಎರಡು ಪಟ್ಟು ಒತ್ತಡದಲ್ಲಿ ಗಾಳಿ ತುಂಬಬಹುದು. ಒಂದೇ ಸಿಲಿಂಡರಿಗೆ ಐದಾರು ಪಟ್ಟು ಹೆಚ್ಚು ಗಾಳಿ. ಪಿಸ್ಟನ್ ಅದನ್ನು ಇನ್ನೂ ಅಡಕುತ್ತೆ. ಖಾಲಿ ಕಾರಿಡಾರಿನಲ್ಲಿ ಓಡಿ ದಾಟೋದಕ್ಕೂ ಸಂಜೆ ಆರೂವರೆಗೆ ಮೆಜೆಸ್ಟಿಕ್ ಮೆಟ್ರೋದಲ್ಲಿ ಪರ್ಪಲ್ ಲೈನಿನಿಂದ ಗ್ರೀನ್ ಲೈನಿಗೆ ದಾಟೋದಕ್ಕೂ ಇರುವಷ್ಟು ವ್ಯತ್ಯಾಸ.

ಸಂದಿನಲ್ಲಿ ಜಿಗಿಯೋದು ಕಷ್ಟವಾದರೆ ವಿದ್ಯುತ್ತು ಸುಮ್ಮನೆ ಕೂರಲ್ಲ, ಸುಲಭದ ದಾರಿ ಹುಡುಕುತ್ತೆ. ಕಾಯಿಲಿನಿಂದ ಪ್ಲಗ್ಗಿಗೆ ಇಳಿಯುವ ರಬ್ಬರ್ ಬೂಟಿನಲ್ಲಿ ಒಂದು ಕೂದಲೆಳೆಯ ಬಿರುಕಿದ್ದರೆ, ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಎಣ್ಣೆಯೋ ನೀರೋ ಕೊಳೆಯೋ ಇದ್ದರೆ, ಅಲ್ಲಿಂದಲೇ ಪಕ್ಕದ ಎಂಜಿನ್ ಲೋಹಕ್ಕೆ ಹಾರಿಬಿಡುತ್ತೆ. ಒಮ್ಮೆ ಹಾರಿದರೆ ಆ ದಾರಿಯಲ್ಲಿ ಇಂಗಾಲದ ಗೆರೆ ಬೀಳುತ್ತೆ, ಮುಂದಿನ ಸಲ ಅದೇ ಕಾಲುದಾರಿ ಇನ್ನೂ ಸುಲಭ. ಸಿಲಿಂಡರಿನೊಳಗೆ ಕಿಡಿಯೇ ಇಲ್ಲ. ಕಾಲು ಹಗುರ ಮಾಡಿ, ಒತ್ತಡ ಇಳಿದ ಕೂಡಲೇ ಕಿಡಿ ಮತ್ತೆ ಸರಿಯಾದ ಸಂದಿನಲ್ಲೇ ಜಿಗಿಯುತ್ತೆ, ಕಾರು ಸಾಧುವಾಗುತ್ತೆ. ಸರ್ವಿಸ್ ಸೆಂಟರಿನ ಅಂಗಳದಲ್ಲಿ ಅದು ಯಾವತ್ತೂ ಸಾಧುವೇ.

ಚೀಟಿಗೆ ಸಹಿ ಹಾಕದೆ ಬಂದೆ. ಗೆಳೆಯನೊಬ್ಬ ಬನಶಂಕರಿ ಮೂರನೇ ಸ್ಟೇಜಿನ ಒಂದು ಗ್ಯಾರೇಜ್ ಹೇಳಿದ. ಇಲ್ಲಿ ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗ್ತೀನಿ. ಈ ಥರದ ಬರಹಗಳಲ್ಲಿ ಈ ಹಂತಕ್ಕೆ ಒಬ್ಬ ಗಡ್ಡದ ಮೇಸ್ತ್ರಿ ಪ್ರವೇಶ ಮಾಡ್ತಾರೆ, ಬಾನೆಟ್ಟಿಗೆ ಕಿವಿ ಕೊಟ್ಟು 'ಎರಡನೇ ಕಾಯಿಲ್' ಅಂತಾರೆ, ಎಲ್ಲರೂ ಚಪ್ಪಾಳೆ. ಆ ಕತೆ ನನಗೆ ಇಷ್ಟ ಇಲ್ಲ. ಇದೇ ಕಾರನ್ನು ಅದಕ್ಕೂ ಮೊದಲು ನಮ್ಮ ರಸ್ತೆಯ ತುದಿಯ ಅಂಗಡಿಗೆ ತೋರಿಸಿದ್ದೆ, ಅವರು ಬಾನೆಟ್ ಕೂಡ ಎತ್ತದೆ "ಎಲ್ಲಾ ಈ ಎಥನಾಲ್ ಪೆಟ್ರೋಲ್ ಕರ್ಮ ಸರ್" ಅಂದುಬಿಟ್ಟಿದ್ದರು. ಈಗ ಯಾವ ಕಾಯಿಲೆಗೂ ಅದೇ ಉತ್ತರ. ಎಥನಾಲಿನ ಮೇಲೆ ದೂರುಗಳಿರಬಹುದು, ಆದರೆ ಅದೇ ಟ್ಯಾಂಕಿನ ಪೆಟ್ರೋಲ್ ಒಂದು ಮತ್ತು ಮೂರನೇ ಸಿಲಿಂಡರಿಗೆ ಸರಿಹೋಗಿ ಎರಡನೆಯದಕ್ಕೆ ಮಾತ್ರ ಯಾಕೆ ಅಜೀರ್ಣ ಅಂತ ಯಾರೂ ಕೇಳಿಕೊಳ್ಳಲ್ಲ. ಸ್ಕ್ಯಾನರನ್ನು ಕುರುಡಾಗಿ ನಂಬೋದು ಒಂದು ರೋಗವಾದರೆ ಸ್ಕ್ಯಾನರ್ ಇಲ್ಲದೆ ಊಹಿಸೋದು ಅದರ ಅಣ್ಣ.

ಬನಶಂಕರಿಯ ಮೇಸ್ತ್ರಿ ಹತ್ತಿರ ಸ್ಕ್ಯಾನರ್ ಇತ್ತು. ಸರ್ವಿಸ್ ಸೆಂಟರಿನದಕ್ಕಿಂತ ಹಳೇದು, ಗಾಜು ಒಡೆದದ್ದು. ವ್ಯತ್ಯಾಸ ಇದ್ದದ್ದು ಅವರು ಕೇಳಿದ ಪ್ರಶ್ನೆಗಳಲ್ಲಿ. "ಯಾವಾಗ ಬರುತ್ತೆ ಸರ್? ಹತ್ತುವಾಗಲಾ, ಸಿಗ್ನಲ್‌ನಲ್ಲಾ? ಬೆಳಿಗ್ಗೆ ತಣ್ಣಗಿದ್ದಾಗ? ಎಂಜಿನ್ ವಾಶ್ ಮಾಡಿಸಿದ್ರಾ?" ಹತ್ತುವಾಗ ಅಣ್ಣ, ಜೋರಾಗಿ ಒತ್ತಿದಾಗ ಮಾತ್ರ, ಅಂದೆ. ತಲೆ ಆಡಿಸಿ ಬಾನೆಟ್ ಎತ್ತಿದರು. ಮೊದಲು ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗೋ ಹೋಸ್‌ಗಳನ್ನು, ಕ್ಲಿಪ್‌ಗಳನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿದರು. ಅಲ್ಲಿ ಗಾಳಿ ಸೋರಿದರೂ ಪಿಕಪ್ ಹೋಗುತ್ತೆ, ಆದರೆ ಆಗ ಸಾಮಾನ್ಯವಾಗಿ ಎಲ್ಲ ಸಿಲಿಂಡರಿಗೂ ತೊಂದರೆ, ಒಂದಕ್ಕೇ ಅಲ್ಲ. ಆಮೇಲೆ ಎರಡನೇ ಕಾಯಿಲ್ ಬಿಚ್ಚಿ ಮೂರನೆಯದರ ಜಾಗಕ್ಕೆ, ಮೂರನೆಯದನ್ನು ಎರಡನೆಯದರ ಜಾಗಕ್ಕೆ ಹಾಕಿದರು. ಒಂದೊಂದಕ್ಕೆ ಒಂದು ಬೋಲ್ಟ್, ಒಂದು ಕನೆಕ್ಟರ್. ಐದು ನಿಮಿಷದ ಕೆಲಸ. ಬೇರೆ ಏನನ್ನೂ ಮುಟ್ಟಲಿಲ್ಲ. "ಎರಡು ಕೆಲಸ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿ ಹೋಯ್ತು ಅಂತ ನಮಗೇ ಗೊತ್ತಾಗಲ್ಲ ಸರ್" ಅಂದರು. ನಮ್ಮ ಕಾಲೇಜಿನ ನಾಲ್ಕು ವರ್ಷದ ಲ್ಯಾಬಿನಲ್ಲಿ ಈ ಮಾತನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಆಮೇಲೆ ನೈಸ್ ರೋಡ್. ಅವರು ಓಡಿಸಿದರು, ಪಕ್ಕದಲ್ಲಿ ಅವರ ಹುಡುಗ ಸ್ಕ್ಯಾನರ್ ಹಿಡಿದು ಕೂತ, ಹಿಂದೆ ನಾನು. ಏರು ಬಂದಾಗ ನಾಲ್ಕನೇ ಗೇರಿನಲ್ಲೇ ಇಟ್ಟು, ಸುತ್ತು ಕಡಿಮೆ ಇರುವಾಗಲೇ ಆಕ್ಸಿಲರೇಟರ್ ಪೂರ್ತಿ ಒತ್ತಿದರು. ಕಾರು ಕೆಮ್ಮಿತು. ಹುಡುಗ ಪರದೆ ನೋಡಿ ಎಣಿಕೆ ಓದಿದ: "ಒಂದು, ಸೊನ್ನೆ. ಎರಡು, ಎಂಟು. ಮೂರು, ನಲವತ್ತೊಂದು." ಮಿಸ್ಸಿಂಗ್ ಎರಡನೇ ಸಿಲಿಂಡರಿನಿಂದ ಮೂರಕ್ಕೆ ಹೋಗಿತ್ತು, ಕಾಯಿಲಿನ ಹಿಂದೆಯೇ. ಇಂಜೆಕ್ಟರ್‌ಗಳು ಇದ್ದಲ್ಲೇ ಇದ್ದವು. ಆದರೆ ಆ ಎಂಟು ಯಾಕೆ? ಅದನ್ನೂ ಅವರು ಬಿಡಲಿಲ್ಲ. ವಾಪಸ್ ಬಂದು ಎರಡನೇ ಪ್ಲಗ್ ಬಿಚ್ಚಿ ಮೊಬೈಲ್ ಟಾರ್ಚಿನಲ್ಲಿ ತೋರಿಸಿದರು. ಹೊಚ್ಚ ಹೊಸ ಪ್ಲಗ್, ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ತೆಳ್ಳನೆ ಕಪ್ಪು ಗೆರೆ, ಮೇಲಿನಿಂದ ಕೆಳಗಿನವರೆಗೆ. ಕಾಯಿಲಿನ ರಬ್ಬರ್ ಬೂಟನ್ನು ಬಗ್ಗಿಸಿದರೆ ಒಳಗೆ ಅದಕ್ಕೆ ಸರಿಯಾಗಿ ಇನ್ನೊಂದು ಗೆರೆ.

ಅಂದರೆ ಮೊದಲ ಭೇಟಿಯಲ್ಲಿ ಪ್ಲಗ್ ಬದಲಾಯಿಸಿದ್ದು ಅರ್ಧ ಸರಿ. ಹಳೇ ಬೂಟಿನ ಗೆರೆ ಹಾಗೇ ಉಳಿದಿತ್ತು, ಅದು ವಾರದೊಳಗೆ ಹೊಸ ಪ್ಲಗ್ಗಿನ ಮೇಲೂ ತನ್ನ ಕಾಲುದಾರಿ ಮಾಡಿಕೊಂಡಿತು. ಗೆರೆ ಬಿದ್ದ ಪ್ಲಗ್ಗಿಗೆ ಒಳ್ಳೇ ಕಾಯಿಲ್ ಹಾಕಿದರೂ ಎಂಟು ಸಲ ತಪ್ಪಿತ್ತು. ಅವತ್ತೇ ಟಾರ್ಚ್ ಹಾಕಿ ಹಳೇ ಪ್ಲಗ್ ನೋಡಿದ್ದರೆ ಗೊತ್ತಾಗ್ತಿತ್ತು. ಒಂದು ಕಾಯಿಲ್, ಒಂದು ಪ್ಲಗ್, ಮೇಸ್ತ್ರಿಯ ಕೂಲಿ ಸೇರಿ 5,100 ಆಯ್ತು. ನೈಸ್ ರೋಡಿನ ಟೋಲ್ ನಾನೇ ಕೊಟ್ಟೆ.

ಕಾಯಿಲ್ ಅಲ್ಲದೇ ಇದ್ದಿದ್ದರೆ? ಮುಂದೆ ಪ್ಲಗ್ ಅದಲು ಬದಲು, ಆಮೇಲೆ ಕಂಪ್ರೆಷನ್, ವಾಲ್ವ್ ಸೋರುತ್ತಿದೆಯಾ ಅಂತ ಗಾಳಿ ತುಂಬಿ ನೋಡೋದು, ಇಂಜೆಕ್ಟರ್ ಕೊನೆಗೆ ಅಂದರು. ಸಿಲಿಂಡರಿಗೇ ನೇರ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಒಮ್ಮೆ ಕಿತ್ತರೆ ಹೊಸ ಸೀಲ್ ಹಾಕಲೇಬೇಕು, ಸುಮ್ಮನೆ ನೋಡೋಕೆ ಅಂತ ಕೀಳೋ ವಸ್ತುವಲ್ಲ ಅದು. ಸುಲಭದ್ದು ಮೊದಲು, ಬಿಚ್ಚಿದರೆ ಕೆಡುವಂಥದ್ದು ಕೊನೆಗೆ. ನನ್ನ ಚೀಟಿ ಈ ಕ್ರಮವನ್ನು ತಲೆಕೆಳಗೆ ಮಾಡಿತ್ತು.

ಈಗ ವಿಮರ್ಶಕನಾಗಿ ಒಂದು ಮಾತು. ಚೀಟಿಯಲ್ಲಿ ಹದಿನಾಲ್ಕು ಸಾಲಿದೆ ಅಂದೆನಲ್ಲ, ಅದರಲ್ಲಿ 'ಹುಡುಕಿದ್ದಕ್ಕೆ' ಅಂತ ಒಂದು ಸಾಲೂ ಇಲ್ಲ. ನೈಸ್ ರೋಡಿಗೆ ಹೋಗಿಬಂದ ಒಂದೂವರೆ ಗಂಟೆಗೆ ಆ ಸಾಫ್ಟ್‌ವೇರಿನಲ್ಲಿ ಪಾರ್ಟ್ ನಂಬರ್ ಇಲ್ಲ. ಆ ಅಡ್ವೈಸರ್ ಹುಡುಗನನ್ನು "ಕಾಯಿಲ್ ಅದಲು ಬದಲು ಮಾಡಿ ನೋಡಿದ್ರಾ?" ಅಂತ ನಾನು ಕೇಳಿದ್ದೆ, "ಪ್ರೊಸೀಜರ್‌ನಲ್ಲಿ ಹಾಗೆ ಬರಲ್ಲ ಸರ್" ಅಂದಿದ್ದ. ಅವನು ಸುಳ್ಳು ಹೇಳ್ತಿರಲಿಲ್ಲ ಅನ್ಸುತ್ತೆ. ಭಾಗ ಮಾರಿದರೆ ಬಿಲ್ ಆಗುತ್ತೆ, ಯೋಚನೆ ಮಾಡಿದರೆ ಆಗಲ್ಲ. ಮತ್ತೆ ನಾವೇನು ಕಡಿಮೆಯಾ? 'ರೋಗ ಪತ್ತೆ ಶುಲ್ಕ 1,500' ಅಂತ ಬರೆದಿದ್ದರೆ ನಾನೇ ಮೊದಲು ಕೂಗಾಡ್ತಿದ್ದೆ, ಬರೀ ನೋಡಿದ್ದಕ್ಕೆ ದುಡ್ಡಾ ಅಂತ. 61 ಸಾವಿರದ ಸಾಮಾನಿಗೆ ಮಾತ್ರ ಇಎಂಐ ಇದೆಯಾ ಅಂತ ವಿಚಾರಿಸಿದ್ದೆ.

ಯೂಟ್ಯೂಬನ್ನೂ ಇಲ್ಲೇ ಎರಡು ಮಾತಿನಲ್ಲಿ ಮುಗಿಸ್ತೀನಿ. ಆ ಎರಡು ವಾರ ನಾನು ರಾತ್ರಿಯೆಲ್ಲ ಇಂಗ್ಲಿಷ್ ವಿಡಿಯೋ ನೋಡಿದೆ. ಕೆಲವು ನಿಜಕ್ಕೂ ಅದ್ಭುತ, ಆಸಿಲೋಸ್ಕೋಪ್ ಹಾಕಿ ಕಿಡಿಯ ಅಲೆಯನ್ನೇ ತೋರಿಸ್ತಾರೆ. ಆದರೆ ಹನ್ನೆರಡು ನಿಮಿಷದ ವಿಡಿಯೋದಲ್ಲಿ ಅಪರಾಧಿ ಹನ್ನೊಂದನೇ ನಿಮಿಷಕ್ಕೆ ಸಿಕ್ಕೇ ಸಿಗ್ತಾನೆ. ಸಿಗದ ದಿನಗಳು ಎಡಿಟಿಂಗ್‌ನಲ್ಲಿ ಹೋಗಿರುತ್ತೆ. ಅದನ್ನು ನೋಡಿ ಬಂದ ನಾನು ಮೇಸ್ತ್ರಿಗೆ "ಕಾಯಿಲೇ ಅಣ್ಣ, ಮೂರೂ ಹಾಕಿಬಿಡಿ" ಅಂದಿದ್ದೆ. ಮೂರೂ ಹಾಕಿ, ಗೆರೆ ಬಿದ್ದ ಪ್ಲಗ್ ಬಿಟ್ಟಿದ್ದರೆ? ಆ ಗೆರೆ ಹೊಸ ಬೂಟಿಗೂ ಅಂಟುತ್ತಿತ್ತು, ಮತ್ತೆ ಕೆಮ್ಮು, ಮತ್ತೆ ನಾನು ಇನ್ಯಾರನ್ನೋ ಬೈಯುತ್ತಿದ್ದೆ.

ಇಷ್ಟು ಬರೆದು ಬೀಗುತ್ತಾ, ಸರ್ವಿಸ್ ಸೆಂಟರಿಗೆ ಒಂದು ಖಾರವಾದ ಮೇಲ್ ಕಳಿಸೋಣ ಅಂತ ಹಳೇ ಬಿಲ್‌ಗಳ ಫೈಲ್ ತೆಗೆದೆ. ಮೇಸ್ತ್ರಿ ಒಂದು ಪ್ರಶ್ನೆ ಬಿಟ್ಟಿದ್ದರು: "ಬೂಟ್ ಸುಮ್ಮನೆ ಸುಡಲ್ಲ ಸರ್. ಹಳೇ ಪ್ಲಗ್ ಎಷ್ಟು ಓಡಿತ್ತು?" ಪ್ಲಗ್ ಸವೆದಷ್ಟೂ ಸಂದು ಅಗಲವಾಗುತ್ತೆ, ಅಗಲವಾದಷ್ಟೂ ವೋಲ್ಟ್ ಹೆಚ್ಚು ಬೇಕು, ಟರ್ಬೋ ಒತ್ತಡ ಬೇರೆ, ಕೊನೆಗೆ ಬೂಟ್ ಸೋಲುತ್ತೆ. ಕಾರಿನ ಪುಸ್ತಕದಲ್ಲಿ ಪ್ಲಗ್ ಬದಲಾಯಿಸಬೇಕಾದದ್ದು 40 ಸಾವಿರಕ್ಕೆ ಅಂತ ಇದೆ. 40 ಸಾವಿರದ ಸರ್ವಿಸ್ ಮಾಡಿಸಿದ್ದೆ, ಬಿಲ್ ಇದೆ. ಅವರು ಹಾಕದೇ ಹಾಕಿದ್ದೀವಿ ಅಂದಿರಬೇಕು, ಸಿಕ್ಕಿಬಿದ್ದರು ಅಂದುಕೊಂಡೆ.

ಜಾಬ್ ಕಾರ್ಡ್ ಸಿಕ್ಕಿತು. ಸ್ಪಾರ್ಕ್ ಪ್ಲಗ್ ಮೂರು, 2,340 ರೂಪಾಯಿ, ಆ ಸಾಲನ್ನು ಪೆನ್ನಿನಲ್ಲಿ ಹೊಡೆದುಹಾಕಿದೆ. ಪಕ್ಕದಲ್ಲಿ 'ಕಸ್ಟಮರ್ ಬೇಡ ಎಂದರು'. ಅದರ ಕೆಳಗೆ ನನ್ನ ಸಹಿ. ಅವತ್ತು ವ್ಯಾಕ್ಸ್ ಪಾಲಿಶ್, ಎಸಿ ಡಿಸ್‌ಇನ್‌ಫೆಕ್ಟೆಂಟ್ ಅಂತ ಏನೇನೋ ಸೇರಿಸಿದ್ದರು, ಎಲ್ಲ ಸುಲಿಗೆ ಅಂದುಕೊಂಡು ಒಂದೇ ಉಸಿರಿಗೆ ಎಲ್ಲ ಸಾಲುಗಳನ್ನೂ ಹೊಡೆಸಿದ್ದೆ. ವ್ಯಾಕ್ಸ್ ಪಾಲಿಶಿನ ಜೊತೆ ಪ್ಲಗ್ಗೂ ಹೋಯ್ತು. ಚೀಟಿಯ ಕೊನೇ ಸಾಲನ್ನಷ್ಟೇ ಓದ್ತೀವಿ ಅಂತ ಮೇಲೆ ಬರೆದೆನಲ್ಲ, ಅದು ಅವತ್ತಿನ ನನ್ನ ಬಗ್ಗೆಯೇ.

ಮೇಲ್ ಕಳಿಸಿದೆ, ಖಾರ ತೆಗೆದು. ಕೋಡ್ ಅಳಿಸೋ ಮೊದಲು ಫ್ರೀಜ್ ಫ್ರೇಮ್ ಪ್ರಿಂಟ್ ಕೊಡಿ, ಪತ್ತೆಗೆ ಪ್ರತ್ಯೇಕ ಶುಲ್ಕ ಹಾಕಿ, ಕೊಡ್ತೀನಿ ಅಂತ ಎರಡು ಸಾಲು. ಉತ್ತರವಾಗಿ ಒಂದರಿಂದ ಹತ್ತರವರೆಗೆ ಅಂಕ ಕೊಡಿ ಅನ್ನೋ ಫಾರ್ಮ್ ಬಂತು. ಕನ್ವರ್ಟರಿಗೆ ಎಷ್ಟು ಪೆಟ್ಟಾಗಿದೆಯೋ ಇನ್ನೂ ಗೊತ್ತಿಲ್ಲ, ಐದು ಸಾವಿರ ಕಿಲೋಮೀಟರ್ ಆದ ಮೇಲೆ ಬನ್ನಿ, ಹಿಂದಿನ ಸೆನ್ಸರ್ ಏನು ಹೇಳುತ್ತೆ ನೋಡೋಣ ಅಂದಿದ್ದಾರೆ ಮೇಸ್ತ್ರಿ. ದೀಪಾವಳಿಗೆ ಮತ್ತೆ ಪುತ್ತೂರಿಗೆ ಹೋಗಬೇಕು. ಅಮ್ಮ ಈಗಲೇ ಕೆಎಸ್‌ಆರ್‌ಟಿಸಿ ಟಿಕೆಟ್ ಸಿಗುತ್ತಾ ನೋಡು ಅಂತಿದ್ದಾರೆ.